ಹಗ್ಗಕ್ಕೊಂದು ಗೂಟ

ನಮ್ಮ ಹೊಳೆಬದಿಯಲ್ಲಿ ದೋಣಿಯ ವಿದ್ಯೆ ಬಲ್ಲವರಿಗೆ ಬರವಿಲ್ಲ. ಕತ್ತಲಲ್ಲಿ ಗಳ ಊರಿಕೊಂಡು ಕುದ್ರುವಿನಿಂದ ಕುದ್ರುವಿಗೆ ಹೋಗುವವರಿದ್ದಾರೆ. ಎಂಜಿನ್ ಕೈಕೊಟ್ಟರೆ ಮೀನಿನ ಕತ್ತಿಯಲ್ಲೇ ರಿಪೇರಿ ಮಾಡುವವರಿದ್ದಾರೆ. ಬೀಸುಬಲೆ ಎಸೆದು ಮಧ್ಯಾಹ್ನದ ಸಾರನ್ನು ದಡಕ್ಕೆ ಎಳೆಯುವವರಿದ್ದಾರೆ. ನನ್ನ ಪಾಂಡಿತ್ಯ ಇವೆಲ್ಲ ಮುಗಿದ ಮೇಲೆ ಶುರುವಾಗುತ್ತದೆ. ದೋಣಿ ದಡ ಸೇರಿ, ಬೇರೆ ಯಾರೋ ಅದನ್ನು ಕಟ್ಟಿ, ಎಲ್ಲರೂ ಮನೆಗೆ ಹೋದ ನಂತರ ಉಳಿದ ಹಗ್ಗವನ್ನು ಚೊಕ್ಕವಾಗಿ ಸುತ್ತಿಡುವುದರಲ್ಲಿ ನನಗೆ ಸಮಾನರು ಸ್ವರ್ಣೆಯಿಂದ ಸೀತೆಯವರೆಗೆ ಯಾರೂ ಇಲ್ಲ. ಇದ್ದರೆ ಅವರು ಆ ಸಂಗತಿಯನ್ನು ಮುಚ್ಚಿಟ್ಟಿದ್ದಾರೆ.

ಈ ಎರಡು ನದಿಗಳು ಕೋಡಿಬೆಂಗ್ರೆಯ ಹತ್ತಿರ ಕೂಡಿ ಕಡಲಿಗೆ ಇಳಿಯುತ್ತವೆ. ಅದಕ್ಕೆ ಸ್ವಲ್ಪ ಮೇಲೆ, ಕೆಮ್ಮಣ್ಣಿನ ತೂಗುಸೇತುವೆಯ ಆಸುಪಾಸಿನಲ್ಲಿ, ಹೆಂಡತಿಯ ತವರು. ನಿವೃತ್ತನಾದ ಮೇಲೆ ನಾನು ಇಲ್ಲಿಯೇ ಗೂಟ ಹೊಡೆದುಕೊಂಡು ಕೂತಿದ್ದೇನೆ. ಇದು ಊರವರ ಮಾತು. ಮುಂದೆ ಅದು ಅಕ್ಷರಶಃ ನಿಜವಾಯಿತು. ಬದುಕಿನುದ್ದಕ್ಕೂ ಕಡತಗಳಿಗೆ ದಾರ ಕಟ್ಟಿದ ಮನುಷ್ಯನಿಗೆ ಹೊಳೆಯಂಚಿನ ಮನೆ, 16 ಅಡಿಯ ಫೈಬರ್ ದೋಣಿ, ಅದರ ಜೊತೆಗೊಂದು ಒದ್ದೆ ಹಗ್ಗದ ಗುಪ್ಪೆ ಒಟ್ಟಿಗೆ ಸಿಕ್ಕಿದರೆ ಅವನು ಯಾವುದರ ಮೇಲೆ ಕೈ ಇಡುತ್ತಾನೆ ಎಂದು ಹೇಳಬೇಕಾಗಿಲ್ಲ.

“ದೋಣಿ ತಂದದ್ದು ಹೊಳೆ ದಾಟಲಿಕ್ಕಾ, ಹಗ್ಗ ಸುತ್ತಲಿಕ್ಕಾ?” ಎಂದು ಇವಳು ಕೇಳಿದಳು.

ಹೊಳೆ ದಾಟಲು ಸೇತುವೆ ಇದೆ ಎಂದೆ.

ದೋಣಿ ಕಟ್ಟುವ ಹಗ್ಗದ ವಿಚಾರದಲ್ಲಿ ಮೊದಲ ಪ್ರಶ್ನೆ ಜಾತಿಯದು. ಮಲ್ಪೆ ಬಂದರಿನಲ್ಲಿ ಕಣ್ಣಿಗೆ ಹೊಡೆಯುವ ನೀಲಿ, ಹಸಿರು ಹಗ್ಗಗಳು ಪಾಲಿಪ್ರೊಪಿಲೀನ್. ಹಗುರ, ಅಗ್ಗ, ನೀರಿನ ಮೇಲೆ ತೇಲುತ್ತವೆ. ಆದರೆ ಬಿಸಿಲು ಆಗದು. ಕೆಲಕಾಲಕ್ಕೆ ಮೈಯೆಲ್ಲ ಒಡೆದು ಅಂಗೈಗೆ ಸೀಳು ಚುಚ್ಚುತ್ತದೆ. ತೆಂಗಿನ ನಾರಿನದು ಉಪ್ಪುನೀರಿಗೆ ಅಂಜದ ಹಳಬ, ಒರಟ. ನೈಲಾನ್ ಮಾತ್ರ ಶ್ರೀಮಂತ. ಅಲೆ ಬಡಿದಾಗ ರಬ್ಬರಿನಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ಹಿಗ್ಗಿ, ದೋಣಿಯ ಜಗ್ಗಾಟವನ್ನು ತಾನೇ ನುಂಗುತ್ತದೆ. ದೋಣಿಯ ಕೊಂಡಿಗೂ ದಡದ ಕಂಬಕ್ಕೂ ಪೆಟ್ಟು ಕಡಿಮೆ. ಅದಕ್ಕೇ ಜಗತ್ತಿನ ಎಲ್ಲ ಧಕ್ಕೆಗಳಲ್ಲೂ ದೋಣಿ ಕಟ್ಟಲು ನೈಲಾನಿಗೆ ಮರ್ಯಾದೆ. ಒದ್ದೆಯಾದರೆ ಅದರ ಬಲ ನೂರಕ್ಕೆ ಹತ್ತು-ಹದಿನೈದರಷ್ಟು ತಗ್ಗುತ್ತದೆ ಎಂಬುದೊಂದು ಕೊರತೆ. ನೀರಿನಲ್ಲೇ ಇರಬೇಕಾದ ವಸ್ತು ನೀರು ತಾಗಿದರೆ ಸೊರಗುತ್ತದೆ ಎನ್ನುವಾಗ ನನಗೆ ಅದರ ಮೇಲೆ ಒಂದು ಬಗೆಯ ಆತ್ಮೀಯತೆ ಹುಟ್ಟಿತು. ನನಗೂ ಈಜು ಬಾರದು.

ಎರಡನೆಯದು ದಪ್ಪದ ಲೆಕ್ಕ. ಪ್ರತಿ 9 ಅಡಿ ದೋಣಿಗೆ ಅಂಗುಲದ ಎಂಟನೇ ಒಂದು ಭಾಗ ದಪ್ಪ ಎಂದು ಅಮೆರಿಕದ ದೋಣಿಯವರ ರೂಢಿ. ನಮ್ಮದಕ್ಕೆ ಕಾಲಂಗುಲ ಸಾಕು. ಅಲ್ಲಿರುವ ಮಗಳಿಗೆ ನಾನು ಅರ್ಧ ಅಂಗುಲದ್ದೇ ಕಳಿಸು ಎಂದು ಹೇಳಿದೆ. ಅದು 36 ಅಡಿಯ ದೋಣಿಯ ಹಗ್ಗ. ಬೆಳೆಯುವ ಮಕ್ಕಳಿಗೆ ಯುಗಾದಿಯ ಅಂಗಿ ದೊಡ್ಡದೇ ಹೊಲಿಸುವ ಹಾಗೆ.

ಬಂತು. ಕಡುನೀಲಿ, ಎರಡು ಪದರದ ಹೆಣಿಗೆ, ಒಂದು ತುದಿಯಲ್ಲಿ ಕಾರ್ಖಾನೆಯಲ್ಲೇ ಹೆಣೆದ 12 ಅಂಗುಲದ ಕುಣಿಕೆ. ಆ ಕುಣಿಕೆಯನ್ನು ಅಲ್ಲಿಯವರು ದಡದ ಮೋಟುಗಂಬಕ್ಕೆ ಮೇಲಿನಿಂದ ಹಾಕಿ ಕೈ ಕೊಡವಿಕೊಂಡು ಹೋಗುತ್ತಾರಂತೆ. ನಮ್ಮ ದಡದಲ್ಲಿರುವುದು ತೆಂಗಿನ ಮರ. ಮೇಲಿನಿಂದ ಹಾಕಬೇಕಾದರೆ ಮೊದಲು ಮರ ಹತ್ತಬೇಕು, ಹತ್ತಿ ಹೆಡೆಗಳನ್ನೆಲ್ಲ ಕಡಿಯಬೇಕು. ನಾನು ಮರದ ತುದಿಯನ್ನೂ ಕುಣಿಕೆಯನ್ನೂ ನೋಡುತ್ತ ನಿಂತಿದ್ದಾಗ ಪಕ್ಕದ ಮನೆಯ ದೋಣಿಯವರು ಬಂದು, ಹಗ್ಗವನ್ನು ಮರಕ್ಕೆ ಒಂದು ಸುತ್ತು ಬಳಸಿ, ಇನ್ನೊಂದು ತುದಿಯನ್ನು ಅದೇ ಕುಣಿಕೆಯೊಳಗೆ ತೂರಿಸಿ ಎಳೆದರು. ಮುಗಿಯಿತು. ಅವರು ಬಾಯಲ್ಲಿದ್ದ ವೀಳ್ಯ ಉಗುಳಲೂ ಇಲ್ಲ.

ಇರಲಿ. ಕಟ್ಟುವುದು ಬೇರೆ, ಸುತ್ತಿಡುವುದು ಬೇರೆ.

ಹಗ್ಗ ಸುತ್ತುವುದರ ಗುಟ್ಟು ಬಹಳ ಮಂದಿಗೆ ತಿಳಿಯದು. ಮುಷ್ಟಿಯಿಂದ ಮೊಣಕೈಗೆ, ಮೊಣಕೈಯಿಂದ ಮುಷ್ಟಿಗೆ ಗರಗರ ಸುತ್ತಿ ಬಿಸಾಡುತ್ತಾರೆ. ಒಂದು ಸುತ್ತು ಹಾಕಿದರೆ ಹಗ್ಗದ ಮೈಯಲ್ಲಿ ಒಂದು ತಿರುಚು ಸೇರುತ್ತದೆ. ಇಪ್ಪತ್ತು ಸುತ್ತಿಗೆ ಇಪ್ಪತ್ತು ತಿರುಚು. ಬಿಚ್ಚುವಾಗ ಅವೆಲ್ಲ ಒಟ್ಟಾಗಿ ಬಂದು ಸಿಕ್ಕಾಗಿ ನಿಲ್ಲುತ್ತವೆ. ಮೂರೆಳೆಯ ಬಲಹುರಿ ಹಗ್ಗವಾದರೆ ಅದನ್ನು ಬಲಸುತ್ತಾಗಿಯೇ ಸುತ್ತಬೇಕು. ಎಡಕ್ಕೆ ಸುತ್ತಿದರೆ ಎಳೆಗಳು ಮುನಿಸಿಕೊಂಡು ಅಲ್ಲಲ್ಲಿ ಗುಬುಟು ಏಳುತ್ತವೆ. ಇದನ್ನು ಮನೆಯಲ್ಲಿ ವಿವರಿಸಿದಾಗ ಇಡೀ ಉಪನ್ಯಾಸದಲ್ಲಿ ಅತ್ತೆಗೆ ಒಪ್ಪಿಗೆಯಾದದ್ದು ಈ ಒಂದು ಮಾತು. “ಪ್ರದಕ್ಷಿಣೆ ಅಂದ್ರೆ ಪ್ರದಕ್ಷಿಣೆಯೇ. ಹಗ್ಗಕ್ಕೂ ಶಾಸ್ತ್ರ ಉಂಟಲ್ಲ,” ಎಂದರು.

ಮಗಳು ಕಳಿಸಿದಂಥ ಹೆಣಿಗೆಯ ಹಗ್ಗಕ್ಕೆ ಪ್ರದಕ್ಷಿಣೆಯೂ ನಡೆಯದು. ಅದಕ್ಕೆ ಬಲವೂ ಇಲ್ಲ, ಎಡವೂ ಇಲ್ಲ. ಅದನ್ನು ಎಂಟರ ಆಕಾರದಲ್ಲಿ ಮಡಚಬೇಕು. ಒಂದು ಕಡೆ ಬಿದ್ದ ತಿರುಚನ್ನು ಇನ್ನೊಂದು ಕಡೆಯ ತಿರುಚು ಕಳೆದುಬಿಡುತ್ತದೆ. “ಎಂಟು ಹಾಕಿ, ಎಂಟರ ಮೇಲೆ ಎಂಟು,” ಎಂದು ಅತ್ತೆಗೆ ಒಂದು ತುದಿ ಕೊಟ್ಟು ಬಚ್ಚಲಿಗೆ ಹೋದೆ. ಬಂದು ನೋಡಿದರೆ ಚಾವಡಿಯಲ್ಲಿ ನಾನೆಂದೂ ಕಂಡಿರದ ಆಕೃತಿಯೊಂದು ಮಲಗಿತ್ತು. ಅತ್ತೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಅವರು ಹಾಕಿದ್ದು ೮. ಅಪ್ಪಟ, ದುಂಡಗಿನ, ಕಾಪಿ ಪುಸ್ತಕದ ೮. ಅದರ ಮೇಲೆ ಇನ್ನೊಂದು ೮. ಕನ್ನಡದ ಎಂಟು ಬಾಯಿ ತೆರೆದೇ ಇರುತ್ತದೆ. ಹಗ್ಗ ಹೋದದ್ದು ತಿರುಗಿ ಬರಲು ಅದರಲ್ಲಿ ದಾರಿಯಿಲ್ಲ. ನಾನು ಇಂಗ್ಲಿಷ್ ಎಂಟನ್ನು ಗಾಳಿಯಲ್ಲಿ ಬರೆದು ತೋರಿಸಿದೆ. “ಹಾಗಂತ ಮೊದಲೇ ಹೇಳ್ಬೇಕಿತ್ತು. ಏಕೀಕರಣಕ್ಕೆ ಮುಂಚೆಯೇ ನಾವು ಕನ್ನಡದ್ದು ಕಲಿತದ್ದು,” ಎಂದರು.

ಆಮೇಲೆ ಅವರು ಸಹಾಯಕ್ಕೆ ಬರಲಿಲ್ಲ. ತಮ್ಮ ಪಾಲಿಗೆ ಬಿದ್ದ ಹಳೆಯ ನೀಲಿ ಪ್ಲಾಸ್ಟಿಕ್ ಹಗ್ಗವನ್ನು ಒಂದು ಬೆತ್ತದ ಬುಟ್ಟಿಗೆ ಗೇಣು ಗೇಣಾಗಿ ತುರುಕಿ, ತುದಿಯನ್ನು ಹೊರಗೆ ಇಳಿಬಿಟ್ಟು, ಅಟ್ಟದ ಮೆಟ್ಟಿಲ ಕೆಳಗಿಟ್ಟರು. ಆ ಬುಟ್ಟಿಯನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತಿತ್ತು. ಅರಾಜಕತೆ ಎಂದರೆ ಅದು.

ನನ್ನ ಸಂಕಟಕ್ಕೆ ವಿಜ್ಞಾನದ ಬೆಂಬಲವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬಿಬ್ಬರು ಒಂದು ಪೆಟ್ಟಿಗೆಯಲ್ಲಿ ದಾರ ಹಾಕಿ ಉರುಳಿಸಿ, ತೆರೆದು ನೋಡಿ, ಮತ್ತೆ ಹಾಕಿ, ಹೀಗೆ 3,415 ಸಲ ಮಾಡಿದರು. ಯಾರೂ ಕೈ ಹಾಕದೆ, ಕೆಲವೇ ಸೆಕೆಂಡುಗಳಲ್ಲಿ ಎಷ್ಟೋ ಸಲ ದಾರ ತನ್ನಷ್ಟಕ್ಕೆ ತಾನೇ ಗಂಟು ಹಾಕಿಕೊಂಡಿತ್ತು. ಒಟ್ಟು 120 ಬಗೆಯ ಗಂಟುಗಳು. ದಾರ ಒಂದೂವರೆ ಅಡಿಗಿಂತ ಚಿಕ್ಕದಿದ್ದರೆ ಮಾತ್ರ ಗಂಟಿಲ್ಲ. 2007ರಲ್ಲಿ ಪ್ರಬಂಧ ಬಂತು, 2008ರಲ್ಲಿ ಅವರಿಗೆ ಇಗ್ನೊಬೆಲ್ ಬಂತು; ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ಇದನ್ನು ಊಟದ ಹೊತ್ತಿಗೆ ಓದಿ ಹೇಳಿದೆ.

“3,415 ಸಲ?” ಎಂದಳು ಇವಳು. “ಅವರ ಮನೆಯಲ್ಲಿ ಹೆಂಡತಿಯರು ಎಂತ ಹೇಳ್ಲಿಲ್ವಾ?”

ಕ್ಲಿಫರ್ಡ್ ಆ್ಯಶ್ಲಿ ಎಂಬ ಅಮೆರಿಕದ ಚಿತ್ರಕಾರ 1944ರಲ್ಲಿ ಗಂಟುಗಳ ಬಗ್ಗೆಯೇ ಒಂದು ದಪ್ಪ ಗ್ರಂಥ ಹೊರತಂದ. ಅದರಲ್ಲಿ 3,800ಕ್ಕೂ ಹೆಚ್ಚು ಗಂಟುಗಳಿಗೆ ಕ್ರಮಸಂಖ್ಯೆಯಿದೆ. ಆ ವಿಷಯವನ್ನು ನಾನು ಊಟದ ಹೊತ್ತಿಗೆ ಎತ್ತಲಿಲ್ಲ.

ಸುತ್ತಿದ್ದಾಯಿತು, ಇಡುವುದೆಲ್ಲಿ? ಉಪ್ಪುನೀರಿನ ಹಗ್ಗವನ್ನು ಸಿಹಿನೀರಲ್ಲಿ ತೊಳೆಯದೆ ಇಟ್ಟರೆ ಉಪ್ಪಿನ ಹರಳು ಎಳೆಗಳ ನಡುವೆ ಕೂತು ಹಗ್ಗ ಕಡ್ಡಿಯಾಗುತ್ತದೆ, ಒಳಗೊಳಗೇ ಸವೆಯುತ್ತದೆ. ತೊಳೆದು ಒಣಗಿಸದೆ ಮುಚ್ಚಿಟ್ಟರೆ ಬೂಷ್ಟು, ವಾಸನೆ. ಆದ್ದರಿಂದ ಗಾಳಿಯಾಡುವಲ್ಲಿ ತೂಗುಹಾಕಬೇಕು. ಆದ್ದರಿಂದ ಗೂಟ ಬೇಕು. ಒಂದು ಗೂಟಕ್ಕೆ ಒಂದೇ ಹಗ್ಗ. ಎರಡು ಹಾಕಿದರೆ ಕೆಳಗಿನದೇ ಬೇಕಾಗುತ್ತದೆ. ಮುಂಬದಿಗೊಂದು, ಹಿಂಬದಿಗೊಂದು, ದೋಣಿ ಹಿಂದೆಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಜೋಡಿ, ಮಳೆಗಾಲದ ಜೋಡಿ, ಆ ಜೋಡಿಗೆ ಬದಲಿ. ಚಾವಡಿಯ ಗೋಡೆ ತುಂಬಿ ಪಡಸಾಲೆಗೆ ಬಂದೆ. ಪಡಸಾಲೆಯಿಂದ ದೇವರ ಕೋಣೆಯ ಬಾಗಿಲ ತನಕ. ಪ್ರತಿಯೊಂದಕ್ಕೂ ಚೀಟಿ: “ಮುಂಬದಿ, ಬಲ, ನೈಲಾನ್”, “ಹಿಂಬದಿ, ಎಡ, ನೈಲಾನ್”. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆಯಲ್ಲಿ ದೋಣಿಗೆ ದೋಣಿ ಒತ್ತಿ ನಿಂತಿರುತ್ತವೆ, ಬಲೆ ಹಗ್ಗಗಳೆಲ್ಲ ದುರಸ್ತಿಗೆ ಬರುತ್ತವೆ. ನಮ್ಮ ದೋಣಿಗೆ ಯಾವ ನಿಷೇಧವೂ ಇಲ್ಲ. ಆದರೂ ಊರಿನ ಸಂಪ್ರದಾಯ ಬಿಡಬಾರದೆಂದು ನಾನು ಆಗ ಎಲ್ಲ ಹಗ್ಗಗಳನ್ನೂ ಒಳಗೆ ತಂದು ಬಿಚ್ಚಿ ಮತ್ತೆ ಸುತ್ತುತ್ತೇನೆ.

ನೆಲದ ಮೇಲೆ ಚಪ್ಪಟೆಯಾಗಿ, ಒಳಗಿನಿಂದ ಹೊರಗೆ ಸುತ್ತು ಸುತ್ತಾಗಿ ಹಾಸುವ ಸುರುಳಿಯೊಂದಿದೆ. ಫ್ಲೆಮಿಶ್ ಸುರುಳಿ ಎನ್ನುತ್ತಾರೆ. ನೋಡಲು ಅದರಷ್ಟು ಚಂದದ್ದು ಇನ್ನೊಂದಿಲ್ಲ. ಕೆಲಸಕ್ಕೆ ಅಷ್ಟೇನೂ ಒದಗದು. ಅಡಿಯಲ್ಲಿ ತೇವ ನಿಂತು ನೆಲಕ್ಕೆ ಕಲೆ ಬೀಳುತ್ತದೆ. ಆದರೆ ಹಳೆಯ ಮನೆಯ ಕೆಂಪು ಕಾವಿ ನೆಲ, ಅದರ ಮೇಲೆ ಕಡುನೀಲಿ ಚಕ್ರ! ನಾನದನ್ನು ಬಾಗಿಲ ಬಳಿಯೇ ಹಾಸಿದೆ, ಬಂದವರ ಕಣ್ಣಿಗೆ ಬೀಳಲೆಂದು. ಬಂದವರ ಕಾಲಿಗೆ ಬಿತ್ತು. ಹಾಲಿನವರು ಕಾಲೊರಸಿದರು, ಅಂಚೆಯವರು ಕಾಲೊರಸಿದರು. ಪೂಜೆಗೆ ಬಂದ ಭಟ್ಟರು ಕಾಲೊರಸಿ, “ಎಲ್ಲಿ ತಗೊಂಡ್ರಿ, ಗಟ್ಟಿ ಉಂಟು,” ಎಂದರು. ಅವರ ಮನೆಗೂ ಒಂದು ಬೇಕಂತೆ. ಕಲೆಗೆ ಸಿಕ್ಕ ಏಕೈಕ ಬೇಡಿಕೆಯನ್ನು ತಿರಸ್ಕರಿಸುವುದು ಹೇಗೆ?

ಕೊಳೆಯಾದದ್ದನ್ನು ತೊಳೆಯಬೇಕಲ್ಲ. ದೋಣಿಯ ಹಗ್ಗಗಳನ್ನು ವಾಷಿಂಗ್ ಮೆಷಿನ್ನಿನಲ್ಲಿ ತಣ್ಣೀರಲ್ಲಿ, ಸೌಮ್ಯ ಸೋಪಿನಲ್ಲಿ ತೊಳೆಯಬಹುದು. ಸುಮ್ಮನೆ ಹಾಕಿದರೆ ಗಂಟಾಗುವುದರಿಂದ ಮೊದಲು ಸರಪಳಿ ಹೆಣಿಗೆ ಹೆಣೆದು ದಿಂಬಿನ ಚೀಲದೊಳಗೆ ಹಾಕಿ ಬಾಯಿ ಕಟ್ಟಬೇಕು. ಸರಪಳಿ ಹೆಣೆಯುವುದನ್ನು ನಾನು ಚಿತ್ರ ನೋಡಿ ಕಲಿಯುತ್ತಿರುವಾಗ, ಎದುರು ಕೂತು ಬಾಳೆನಾರಿನಲ್ಲಿ ಶಂಕರಪುರ ಮಲ್ಲಿಗೆ ಕಟ್ಟುತ್ತಿದ್ದ ಅತ್ತೆ ಓರೆಗಣ್ಣಿನಿಂದ ನೋಡಿದರು. ಈ ಮಲ್ಲಿಗೆಯ ಒಂದು ಚೆಂಡು ಎಂದರೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೂವನ್ನು ಕಣ್ಣುಮುಚ್ಚಿ ಕಟ್ಟಬಲ್ಲ ಕೈಗಳು ನನ್ನಿಂದ ಹಗ್ಗ ಕಸಿದುಕೊಂಡು, ನಾನು ಕನ್ನಡಕ ಒರಸುವಷ್ಟರಲ್ಲಿ ಸರಪಳಿ ಮುಗಿಸಿ, ತುದಿ ಹಿಡಿದು ಒಮ್ಮೆ ಜಗ್ಗಿ ಇಡೀ ಸರಪಳಿಯನ್ನು ಬಿಚ್ಚಿಯೂ ತೋರಿಸಿ, ಮತ್ತೆ ಹೂವಿಗೆ ಮರಳಿದವು. ದಿಂಬಿನ ಚೀಲ ಇವಳ ಮದುವೆಯ ಕಾಲದ್ದು, ಕಸೂತಿಯದು ಎಂಬುದು ನನಗೆ ಮೆಷಿನ್ ನಿಂತ ಮೇಲೆ ತಿಳಿಯಿತು. ಹಗ್ಗ ಮಾತ್ರ ಬಹಳ ಮೆತ್ತಗಾಗಿತ್ತು. ಬಣ್ಣ ಸ್ವಲ್ಪ ಬಿಟ್ಟಿತ್ತು. ಬಿಟ್ಟ ಬಣ್ಣ ಎಲ್ಲಿಗೆ ಹೋಗಿತ್ತು ಎಂಬ ಚರ್ಚೆ ಒಂದು ವಾರ ನಡೆಯಿತು.

ಆ ವಾರದಲ್ಲೇ ನಾನು ಧರ್ಮದ ಮೊರೆ ಹೊಕ್ಕೆ. ಉಡುಪಿಯಲ್ಲಿ ಸಾಕ್ಷಾತ್ ಕೃಷ್ಣನ ಎಡಗೈಯಲ್ಲಿರುವುದೇನು? ಹಗ್ಗ. “ಅವನ ಬಲಗೈಯಲ್ಲಿ ಕಡೆಗೋಲು ಉಂಟು,” ಎಂದಳು ಇವಳು. “ಅವನು ಬೆಣ್ಣೆ ತೆಗೀತಾನೆ. ನೀವು ಎಂತ ತೆಗೀತೀರಿ?” ಆ ಕೃಷ್ಣ ಬಂದದ್ದೂ ದೋಣಿಯ ಕಾರಣದಿಂದಲೇ, ಮಲ್ಪೆಯ ಕಡಲಲ್ಲಿ ಹಡಗು ಸಿಕ್ಕಿಕೊಂಡಿತ್ತು, ಮಧ್ವಾಚಾರ್ಯರು ದಡದಲ್ಲಿ ನಿಂತು ಅದನ್ನು ಪಾರುಮಾಡಿದರು ಎಂದು ಐತಿಹ್ಯವಿದೆಯಲ್ಲ ಎಂದೆ. “ಬಟ್ಟೆ ಬೀಸಿ ಪಾರುಮಾಡಿದ್ದು. ಅವರಿಗೆ ಹಗ್ಗವೇ ಬೇಕಾಗ್ಲಿಲ್ಲ.”

ವೇದಾಂತವೂ ನನ್ನ ಕೈಹಿಡಿಯಲಿಲ್ಲ. ಮುಸ್ಸಂಜೆಯಲ್ಲಿ ಹಗ್ಗ ಹಾವಾಗಿ ಕಾಣುತ್ತದೆ ಎಂಬ ದೃಷ್ಟಾಂತ ಶಂಕರರ ಮತದಲ್ಲಿ ಪ್ರಸಿದ್ಧ. ದೋಣಿಮನೆಯ ಮೂಲೆಯಲ್ಲಿ ನಾನು ಕಂಡದ್ದು ಸರಿಯಾಗಿ ಸುತ್ತಿಟ್ಟ ಮೂರೆಳೆಯ ಹಗ್ಗ, ಬಣ್ಣ ಮಾಸಿದ್ದು. ಯಾರಪ್ಪಾ ನನ್ನಷ್ಟೇ ಅಚ್ಚುಕಟ್ಟಾಗಿ ಸುತ್ತಿದವರು ಎಂದು ಮೆಚ್ಚುಗೆಯಿಂದ ಬಗ್ಗಿ ಕೈಚಾಚಿದೆ. ಸುರುಳಿ ತಾನಾಗಿಯೇ ಬಿಚ್ಚಿಕೊಂಡು, ಒಂದು ಸಿಕ್ಕೂ ಇಲ್ಲದೆ, ಗೋಡೆಯ ಸಂದಿಗೆ ಹರಿದು ಹೋಯಿತು. ಕೇರೆ ಹಾವು. ನಾನು ಅಂಗಳಕ್ಕೆ ಬಂದು ನಿಂತು, ಶಂಕರರ ದೃಷ್ಟಾಂತ ನನ್ನ ವಿಷಯದಲ್ಲಿ ತಿರುಗುಮುರುಗಾದದ್ದನ್ನು ಉಸಿರು ಸಿಕ್ಕಿದಷ್ಟು ಹೇಳಿದೆ. ಇವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಇದು ಮಧ್ವಾಚಾರ್ಯರ ಊರು. ಇಲ್ಲಿ ಹಗ್ಗ ಬೇರೆ, ಹಾವು ಬೇರೆ. ಎರಡೂ ಸತ್ಯ. ನೋಡಿ ಮುಟ್ಟಬೇಕು.”

ಇಷ್ಟೆಲ್ಲ ಹೇಳಿ ಭರತ ಇಳಿತದ ವಿಷಯ ಬಿಡುವುದು ಸರಿಯಲ್ಲ. ಅಳಿವೆಯ ಹತ್ತಿರದ ಹೊಳೆ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಭರತದಲ್ಲಿ ಕಟ್ಟಿದ ಹಗ್ಗಕ್ಕೆ ಇಳಿತದ ಪಾಲನ್ನೂ ಸಡಿಲಬಿಟ್ಟಿರಬೇಕು. ಜೋಲುಬಿದ್ದ ಹಗ್ಗ ನೋಡಲು ಚಂದವಲ್ಲ, ನಿಜ. ಚಂದ ಕಾಣಲೆಂದು ಬಿಗಿಯಾಗಿ ಕಟ್ಟಿ ಉಳಿದ ತುದಿಯನ್ನು ಸುರುಳಿ ಮಾಡಿ ಹೋದವರ ದೋಣಿ ನೀರಿಳಿದಾಗ ಮೂಗು ಮೇಲೆ ಮಾಡಿ ದಂಡೆಗೆ ನೇತಾಡುವುದನ್ನು ಊರಿನ ಮಕ್ಕಳೆಲ್ಲ ಬಂದು ನೋಡಿದ್ದಾರೆ. ಯಶೋದೆಯ ಹಗ್ಗಕ್ಕೆ ಯಾವಾಗಲೂ ಎರಡೇ ಅಂಗುಲ ಕಡಿಮೆಯಾಗುತ್ತಿತ್ತು. ಇಲ್ಲಿ ಎರಡು ಮೊಳ. ದೋಣಿ ಯಾರದು ಎಂಬುದು ಇಲ್ಲಿ ಅಪ್ರಸ್ತುತ.

ಇನ್ನು ಮೇ ತಿಂಗಳ ಕೊನೆಯ ಆ ಸಂಜೆ. ಮಳೆ ಇನ್ನೂ ಬಂದಿರಲಿಲ್ಲ, ಗಾಳಿ ಬಂದಿತ್ತು. ಇಳಿತದ ನೀರು ಅಳಿವೆಯ ಕಡೆಗೆ ಜೋರಾಗಿ ಎಳೆಯುತ್ತಿತ್ತು. ಪಕ್ಕದ ಮನೆಯವರ ದೋಣಿಯ ಎಂಜಿನ್ ನಡುಹೊಳೆಯಲ್ಲಿ ಸತ್ತು, ಗಳಕ್ಕೆ ತಳ ಸಿಗದೆ, ಅವರು ನಮ್ಮ ದಡದ ಮುಂದೆ ಅಡ್ಡಡ್ಡ ತೇಲಿಕೊಂಡು ಬಂದರು. “ಬಳ್ಳಿ ಬಿಸಾಡಿ ಮಾರಾಯ್ರೆ! ಬಳ್ಳಿ!”

ಜೀವಮಾನದಲ್ಲಿ ಒಬ್ಬ ಮನುಷ್ಯನಿಗೆ ಇಂಥ ಕರೆ ಒಂದೇ ಸಲ ಬರುತ್ತದೆ. ಇಡೀ ಹೊಳೆಬದಿಯಲ್ಲಿ ಸಿದ್ಧವಾದ ಹಗ್ಗ ಯಾರ ಮನೆಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ನಾನು ಚಾವಡಿಗೆ ಓಡಿದೆ. ಮೊದಲು ಯಾವುದು ಎಂಬ ಪ್ರಶ್ನೆ. ನೈಲಾನ್ ನೀರಲ್ಲಿ ಮುಳುಗುತ್ತದೆ, ಎಸೆಯಲು ತೇಲುವುದೇ ಸರಿ. ಚೀಟಿಗಳನ್ನು ಓದುತ್ತ ಹೋದೆ, ಕನ್ನಡಕ ಒಳಗಿತ್ತು. ನಾರಿನದೊಂದು ಸಿಕ್ಕಿತು. ಅದರ ಸುರುಳಿಯ ಕೊರಳಿಗೆ ನಾನು ಆರು ಸುತ್ತು ಬಿಗಿದು, ಕುಣಿಕೆ ತೂರಿಸಿ, ಮತ್ತೆ ಜಾರದಂತೆ ಮೇಲೊಂದು ಗಂಟು ಕೊಟ್ಟಿದ್ದೆ. ಅಂಥದನ್ನು ಅವಸರದಲ್ಲಿ ಎಳೆಯಬಾರದು, ಕ್ರಮವಾಗಿ ಬಿಚ್ಚಬೇಕು. ನಾನು ಕ್ರಮವಾಗಿಯೇ ಬಿಚ್ಚುತ್ತಿದ್ದೆ. ನಾಲ್ಕನೇ ಸುತ್ತಿನಲ್ಲಿದ್ದೆ.

ಅಷ್ಟರಲ್ಲಿ ಇವಳು ಮೆಟ್ಟಿಲ ಕೆಳಗಿನ ಬುಟ್ಟಿ ಎತ್ತಿಕೊಂಡು, ಸೀರೆಯ ನೆರಿಗೆ ಸಿಕ್ಕಿಸಿ, ದಡಕ್ಕೆ ಇಳಿದಾಗಿತ್ತು. ಹೊರಗೆ ಇಳಿಬಿದ್ದಿದ್ದ ತುದಿಯನ್ನು ತೆಂಗಿನ ಮರಕ್ಕೆ ಎರಡು ಸುತ್ತು ಹಾಕಿ ತಾಯಿಯ ಕೈಗೆ ಕೊಟ್ಟು, ಬುಟ್ಟಿಯನ್ನು ಹಗ್ಗದ ಸಮೇತ ಬೀಸಿ ಎಸೆದಳು. ಬುಟ್ಟಿ ಗಾಳಿಯಲ್ಲಿ ಹಾರುತ್ತ ಹಾರುತ್ತ ಹಗ್ಗವನ್ನು ಹಿಂದಕ್ಕೆ ಸುರಿಯಿತು. ಒಂದು ಸಿಕ್ಕಿಲ್ಲ, ಒಂದು ತಿರುಚಿಲ್ಲ. ಕೊನೆಯ ತುದಿ ಬುಟ್ಟಿಯ ಹಿಡಿಗೆ ಕಟ್ಟಿತ್ತು. ಅದೂ ಅತ್ತೆಯ ಕೆಲಸ. ಬೆತ್ತದ ಬುಟ್ಟಿ, ನೀಲಿ ಹಗ್ಗ, ಎರಡೂ ತೇಲಿದವು. ಅವರು ಹಿಡಿದುಕೊಂಡರು. ಅತ್ತೆ ಮರದ ಸುತ್ತಿನಲ್ಲಿ ಹಗ್ಗವನ್ನು ಮೆಲ್ಲಗೆ ಜಾರಲು ಬಿಟ್ಟು, ಮೆಲ್ಲಗೆ ತಡೆದರು. ದೋಣಿ ಅರೆಚಂದ್ರ ಬಳಸಿ ದಡಕ್ಕೆ ಬಂತು. ನಾನು ಆರನೇ ಸುತ್ತು ಬಿಚ್ಚಿ, ಹಗ್ಗ ಹಿಡಿದು ಓಡಿಬಂದು, ಸರಿಯಾದ ಕ್ಷಣಕ್ಕೆ ಚಾ ಕುಡಿಯಲು ಎಲ್ಲರನ್ನೂ ಕರೆದೆ.

ಚಾ ಹೊತ್ತಿಗೆ ನಾನು ನಡೆದ ವಿಷಯದ ಹಿಂದಿನ ತತ್ವವನ್ನು ಅವರಿಗೆ ವಿವರಿಸಿದೆ. ಪ್ರವಾಹದಲ್ಲಿ ಜನರನ್ನು ರಕ್ಷಿಸುವವರು ಬಳಸುವ ಎಸೆಯುವ ಚೀಲದಲ್ಲಿ ಹಗ್ಗವನ್ನು ಸುತ್ತುವುದೇ ಇಲ್ಲ. ತೇಲುವ ಹಗ್ಗವನ್ನು ಗೇಣು ಗೇಣಾಗಿ ತುರುಕುತ್ತಾರೆ, ಅಷ್ಟೆ. ಮೊದಲು ಹೋದದ್ದು ಕೊನೆಗೆ, ಕೊನೆಗೆ ಹೋದದ್ದು ಮೊದಲು ಹೊರಬರುವುದರಿಂದ ಸಿಕ್ಕಾಗುವುದಿಲ್ಲ. ಸ್ಯಾನ್ ಡಿಯಾಗೊದವರ ದಾರ ಗಂಟಾದದ್ದು ಪೆಟ್ಟಿಗೆಯನ್ನು ಉರುಳಿಸಿದ್ದರಿಂದ. ಮೆಟ್ಟಿಲ ಕೆಳಗಿನ ಬುಟ್ಟಿಯನ್ನು ಯಾರೂ ಉರುಳಿಸಿರಲಿಲ್ಲ. ಪಕ್ಕದ ಮನೆಯವರು ಬಹಳ ಗಮನವಿಟ್ಟು ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ನಿಮ್ಮ ಅಪ್ಪನೂ ಹೀಗೇ ಬುಟ್ಟಿಯಲ್ಲಿ ಇಡ್ತಿದ್ರು ಅಲ್ವಾ?” ಎಂದರು. ಅತ್ತೆಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬುಟ್ಟಿಯ ಹಿಡಿ ಕಿತ್ತು ಬಂದಿತ್ತು. ನೆರೆಮನೆಯವನೇ ಹೊಸದು ತಂದುಕೊಡಬೇಕೋ ಅಳಿಯನೋ ಎಂಬುದು ಅವರ ಪ್ರಶ್ನೆ.

ಅಳಿಯನೇ ತಂದ. ಒಂದಲ್ಲ, ಹಗ್ಗಕ್ಕೊಂದರಂತೆ. ಗೂಟಗಳಿಂದ ಹಗ್ಗಗಳನ್ನು ಇಳಿಸಿ, ಒಂದೊಂದನ್ನೂ ಅದರದರ ಬುಟ್ಟಿಗೆ ತುಂಬಿಸಿ, ಚೀಟಿಗಳನ್ನು ಬುಟ್ಟಿಯ ಹಿಡಿಗೆ ವರ್ಗಾಯಿಸಿ, ಖಾಲಿ ಗೂಟಗಳಿಗೆ ಬುಟ್ಟಿಗಳನ್ನೇ ತೂಗುಹಾಕಿದೆ. ಸಾಲಾಗಿ, ಒಂದೇ ಎತ್ತರದಲ್ಲಿ. ಅತ್ತೆ ಬಂದು ಬಹಳ ಹೊತ್ತು ನೋಡಿದರು. ಈ ಮನೆಯಲ್ಲಿ ನನ್ನ ಕೆಲಸವನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಹಲಸಿನ ಕಾಲ. ಮರುದಿನ ಬೆಳಿಗ್ಗೆ ಹಗ್ಗಗಳೆಲ್ಲ ಚಾವಡಿಯ ಕಾವಿ ನೆಲದ ಮೇಲೆ ಒಂದೇ ಗುಪ್ಪೆಯಾಗಿ ಬಿದ್ದಿದ್ದವು. ಬುಟ್ಟಿಗಳು ಅಟ್ಟ ಸೇರಿದ್ದವು. ಚೀಟಿ ತೆಗೆಯುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ. ಹೀಗಾಗಿ ಈ ವರ್ಷದ ಹಲಸಿನ ಹಪ್ಪಳ “ಹಿಂಬದಿ, ಎಡ, ನೈಲಾನ್” ಬುಟ್ಟಿಯಲ್ಲಿದೆ, ಬಾಳಕದ ಮೆಣಸು “ಮುಂಬದಿ, ಬಲ”ದಲ್ಲಿ. ಮಗಳಿಗೆ ಪಾರ್ಸೆಲ್ ಕಳಿಸುವಾಗ ಇವಳು ಅಟ್ಟದತ್ತ ಕೂಗಿ ಕೇಳುತ್ತಾಳೆ, “ಅಮ್ಮಾ, ಹಿಂಬದಿ ಎಡದ್ದು ಇನ್ನೊಂದು ಕಟ್ಟು ಕೊಡು.” ತಪ್ಪದೆ ಹಪ್ಪಳವೇ ಬರುತ್ತದೆ.